ಹರಳಕ್ಕನ ಹರಳು

ತಣ್ಣನೆ ಕೋಣೆಯ ನೆಲದ ಮೇಲೆ ಹರಳಕ್ಕ ಒಂದು ಮಗ್ಗುಲಿಗೆ ಮಲಗಿದ್ದಳು. ದಣಿದು ಅಲ್ಲೇ ಕಣ್ಣು ಮುಚ್ಚಿದವಳ ಹಾಗೆ. ಗಾಯವಿಲ್ಲ. ರಕ್ತವಿಲ್ಲ. ಕುರ್ಚಿ ಕೂಡ ಉರುಳಿಲ್ಲ. ಒಂದು ಚಪ್ಪಲಿ ಮಾತ್ರ ಕಾಲಿನಿಂದ ಜಾರಿತ್ತು.

"ಮೊದಲು ನೋಡಿದ್ದು ಯಾರು?" ಇನ್ಸ್‌ಪೆಕ್ಟರ್ ಕೇಳಿದಳು.

"ನಾನೇ," ಎಂದರು ಪ್ರೊಫೆಸರ್. ಈ ಪ್ರಯೋಗಾಲಯದ ಮುಖ್ಯಸ್ಥರು. ನೆರೆತ ಕೂದಲು, ಇಸ್ತ್ರಿ ಕೆಡದ ಅಂಗಿ, ಒಣಗಿದ ತುಟಿ. "ಬೆಳಗ್ಗೆ ಬಂದೆ. ಬಾಗಿಲು ತೆಗೆದೆ. ಬಿದ್ದಿದ್ದು ಕಾಣಿಸ್ತು. ಹಿಂದೆಮುಂದೆ ನೋಡದೆ ಒಳಗೆ ಓಡಿದೆ. ಮೈ ಆಗಲೇ ಸೆಟೆದಿತ್ತು."

ಗೋಡೆಯ ಪಕ್ಕ ಆಳೆತ್ತರದ ಉಕ್ಕಿನ ಟ್ಯಾಂಕು. ಅದರಲ್ಲಿ ದ್ರವ ನೈಟ್ರೋಜನ್ ಇರುತ್ತಿತ್ತಂತೆ. ಯಂತ್ರಗಳನ್ನು ತಂಪಾಗಿಡಲು. ಈಗ ಟ್ಯಾಂಕು ಖಾಲಿ. ಅದರ ನಲ್ಲಿಯ ತಿರುಪು ಪೂರ್ತಿ ತೆರೆದಿತ್ತು.

"ಅದು ಆವಿಯಾದ್ರೆ ವಾಸನೆ ಇಲ್ಲ, ಬಣ್ಣ ಇಲ್ಲ," ಪ್ರೊಫೆಸರ್ ಹೇಳಿದರು. "ಉಸಿರಾಡೋ ಗಾಳೀನೆಲ್ಲ ಆಚೆ ತಳ್ಳಿಬಿಡುತ್ತೆ. ಎರಡು ಸಲ ಉಸಿರೆಳೆದ್ರೆ ಸಾಕು, ಪ್ರಜ್ಞೆ ಹೋಗುತ್ತೆ. ತಿರುಪು ಮುಚ್ಚೋದು ಮರೆತಿದ್ದಾಳೆ, ಪಾಪ. ಇತ್ತೀಚೆಗೆ ಅವಳ ಗಮನ ಎಲ್ಲೆಲ್ಲೋ ಇರ್ತಿತ್ತು."

"ನೀವು ಒಳಗೆ ಓಡಿದ್ರಲ್ಲ. ನಿಮಗೇನೂ ಆಗಲಿಲ್ವಾ?"

"ಗಾಳಿ ಎಳೆಯೋ ಫ್ಯಾನ್ ಓಡ್ತಾ ಇತ್ತು. ಅದೇ ಪುಣ್ಯ."

"ಫ್ಯಾನ್ ಓಡ್ತಾ ಇದ್ರೆ ಅವರು ಹೇಗೆ ಸತ್ರು?"

"ಇಡೀ ಟ್ಯಾಂಕು ಒಟ್ಟಿಗೆ ಸುರಿದ್ರೆ ಈ ಪುಟ್ಟ ಫ್ಯಾನ್ ಎಲ್ಲಿ ಸಾಲುತ್ತೆ? ರಾತ್ರಿಯೆಲ್ಲ ಓಡಿ ಓಡಿ ಬೆಳಗಾಗೋದ್ರೊಳಗೆ ಕೋಣೆ ತಿಳಿಯಾಗಿದೆ."

ಮಾತು ಸರಿಯಾಗಿಯೇ ಇತ್ತು. ಇನ್ಸ್‌ಪೆಕ್ಟರ್ ಗೋಡೆ ನೋಡಿದಳು. ಬಾಗಿಲ ಪಕ್ಕ ಎರಡು ತಂತಿಗಳು ನೇತಾಡುತ್ತಿದ್ದವು. ಅವುಗಳ ತುದಿಯಲ್ಲಿ ಏನೂ ಇರಲಿಲ್ಲ.

"ಇಲ್ಲೇನಿತ್ತು?"

"ಆಮ್ಲಜನಕ ಕಮ್ಮಿಯಾದ್ರೆ ಕೂಗೋ ಅಲಾರಂ. ರಿಪೇರಿಗೆ ಹೋಗಿದೆ."

ಹೆಡ್ ಕಾನ್‌ಸ್ಟೇಬಲ್ ಹತ್ತಿರ ಬಂದ. ಠಾಣೆಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅವನನ್ನು ಮಾವ ಎಂದೇ ಕರೆಯುತ್ತಿದ್ದರು. "ಆಕಸ್ಮಿಕ ಸಾವು ಅಂತ ಬರ್ಕೊಳ್ಳಾ ಮೇಡಂ? ಮೇಲಿಂದ ಎರಡು ಸಲ ಫೋನ್ ಬಂತು. ಬೇಗ ಮುಗಿಸಿ ಅಂತ."

"ಪೆನ್ನು ಜೇಬಲ್ಲೇ ಇರಲಿ ಮಾವ. ಓಡಿಹೋಗಲ್ಲ ಅದು."

*

ಪ್ರೊಫೆಸರರ ಕೊಠಡಿಯಲ್ಲಿ ಏಸಿ ಜೋರಾಗಿತ್ತು. ಇನ್ಸ್‌ಪೆಕ್ಟರ್ ಕುಳಿತಳು, ಎದ್ದಳು, ಮತ್ತೆ ಕುಳಿತಳು. ಸುಮ್ಮನೆ ಕೂರುವುದು ಅವಳಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ತಿರುಗಿಸುತ್ತಿದ್ದಳು. ಮೇಜಿನ ಮೇಲಿದ್ದ ಪೆನ್ನು. ಕರವಸ್ತ್ರ. ಕಾಗದ ಹಾರದಂತೆ ಇಟ್ಟಿದ್ದ ಬೂದು ಲೋಹದ ಉಂಡೆ. ಕೋಳಿಮೊಟ್ಟೆಯಷ್ಟು ದೊಡ್ಡದು, ಅಡಿಗೆ ಹಸಿರು ಬಟ್ಟೆ ಅಂಟಿಸಿದ್ದು.

"ಇದೇನು ಸಾರ್?"

"ನಾವು ಬೆಳೆಸೋ ಹರಳಿನ ಕೆಟ್ಟುಹೋದ ತುಂಡು. ಈ ಕಟ್ಟಡದಲ್ಲಿ ಎಲ್ಲರ ಮೇಜಿನ ಮೇಲೂ ಒಂದಿದೆ." ಪ್ರೊಫೆಸರ್ ಕೈ ಚಾಚಿದರು. ಅವಳು ಉಂಡೆಯನ್ನು ಕೊಟ್ಟಳು. ಅವರು ಅದನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು.

"ಹರಳಕ್ಕನ ಕೆಲಸ ಏನು?"

"ಹರಳು ಬೆಳೆಸೋದು. ಅದಕ್ಕೇ ಆ ಹೆಸರು. ಅಲ್ಯುಮಿನಿಯಂ ಜೊತೆ ಇನ್ನೆರಡು ಲೋಹ ಕರಗಿಸಿ, ವಾರಗಟ್ಟಲೆ ಕಾದು, ಒಂದೇ ಹರಳಾಗಿ ಎಳೆಯೋದು. ಕ್ವಾಸಿಕ್ರಿಸ್ಟಲ್ ಅಂತೀವಿ. ತಾಳ್ಮೆಯ ಕೆಲಸ. ಅವಳ ಕೈ ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಅದರ ಪರಮಾಣುಗಳು ಹೇಗೆ ನಡುಗ್ತವೆ ಅನ್ನೋದು ನನ್ನ ವಿಷಯ. ಬೇರೆ ಯಾವ ವಸ್ತುವಿನಲ್ಲೂ ಇಲ್ಲದ ಒಂದು ನಡುಕ ಅದರಲ್ಲಿದೆ ಅಂತ ನಾನು ಹೋದ ವರ್ಷ ಪ್ರಕಟಿಸಿದೆ. ಪ್ರಪಂಚದಲ್ಲೆಲ್ಲ ಸುದ್ದಿಯಾಯ್ತು." ಅವರು ಗೋಡೆಯ ಕಡೆ ನೋಡಿದರು. ಅಲ್ಲಿ ಅವರು ಯಾರ್‍ಯಾರದೋ ಕೈ ಕುಲುಕುತ್ತಿದ್ದ ಫೋಟೋಗಳಿದ್ದವು. "ಇವತ್ತು ಸಂಜೆ ಆ ಹರಳು ಹೊರದೇಶದ ದೊಡ್ಡ ಕೇಂದ್ರಕ್ಕೆ ಹೋಗುತ್ತೆ. ಅವರು ಬೇರೆ ರೀತಿಯಲ್ಲಿ ಪರೀಕ್ಷೆ ಮಾಡ್ತಾರೆ. ಗಾಡಿ ಬರೋದಿದೆ. ದಯವಿಟ್ಟು ಅದನ್ನ ಮಾತ್ರ ತಡೀಬೇಡಿ. ಹರಳಕ್ಕನ ಆತ್ಮಕ್ಕೂ ಅದೇ ಬೇಕಾಗಿದ್ದು."

"ಹರಳು ಸುರಕ್ಷಿತವಾಗಿದೆ ತಾನೆ?"

ಅವರು ಕಪಾಟು ತೆರೆದು ಪೆಟ್ಟಿಗೆ ತೆಗೆದರು. ಸ್ಪಂಜಿನ ಗುಳಿಯಲ್ಲಿ ಒಂದು ಬೂದು ಉಂಡೆ. ಅವರು ಬೇಡವೆನ್ನುವ ಮೊದಲೇ ಇನ್ಸ್‌ಪೆಕ್ಟರ್ ಬೆರಳಿಟ್ಟಳು. ಬೆರಳು ಜುಮ್ಮೆಂದಿತು. ಅಷ್ಟು ತಣ್ಣಗಿತ್ತು.

"ಮುಟ್ಟಬಾರದು!" ಪ್ರೊಫೆಸರ್ ಮುಚ್ಚಳ ಹಾಕಿದರು.

*

ಗೇಟಿನ ಹತ್ತಿರ ಹರಳಕ್ಕನ ತಮ್ಮ ನಿಂತಿದ್ದ. ಟೇಲರ್. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಅಂಗಡಿಯಿಂದ ಹಾಗೇ ಓಡಿ ಬಂದಿದ್ದ.

"ತಿರುಪು ಮುಚ್ಚೋದು ಮರೆತ್ಳು ಅಂತಿದಾರೆ," ಅವನು ಹೇಳಿದ. "ನಮ್ಮಕ್ಕನಾ? ಮನೆಯಿಂದ ಹೊರಟ್ರೆ ಗ್ಯಾಸ್ ಆರಿಸಿದೀನಾ ಅಂತ ಬಸ್ ಸ್ಟಾಪಿನಿಂದ ವಾಪಸ್ ಬರೋಳು ಮೇಡಂ. ನಾವೆಲ್ಲ ಅವಳನ್ನ ಗೇಲಿ ಮಾಡ್ತಿದ್ವಿ."

"ಯಾರ ಜೊತೆಯಾದ್ರೂ ಮನಸ್ತಾಪ ಇತ್ತಾ?"

"ಮನೇಲಿ ಏನೂ ಹೇಳ್ತಿರಲಿಲ್ಲ. ನಿನ್ನೆ ಬೆಳಗ್ಗೆ ಅಮ್ಮನ ಹತ್ರ ಒಂದ್ಮಾತು ಅಂದ್ಳಂತೆ. 'ಸುಳ್ಳಿಗೆ ನಾನು ಮಣೆ ಹಾಕೋಕಾಗಲ್ಲಮ್ಮ' ಅಂತ." ಅವನು ಟೇಪನ್ನು ಕೊರಳಿಂದ ತೆಗೆದು ಕೈಗೆ ಸುತ್ತಿದ. ಬಿಚ್ಚಿದ. ಮತ್ತೆ ಸುತ್ತಿದ. "ಸತ್ತಿದ್ದು ಒಂದು. ಬೇಜವಾಬ್ದಾರಿಯಿಂದ ಸತ್ಳು ಅನ್ನಿಸ್ಕೊಳ್ಳೋದು ಇನ್ನೊಂದು. ಅಮ್ಮನಿಗೆ ಏನಂತ ಹೇಳ್ಲಿ?"

ಇನ್ಸ್‌ಪೆಕ್ಟರ್ ಅವನ ಅಂಗಡಿಯ ವಿಳಾಸ ಬರೆದುಕೊಂಡಳು.

ಕಾವಲುಗಾರ ತಲೆ ತುರಿಸಿಕೊಳ್ಳುತ್ತ ಬಂದ. "ಹೇಳಲೋ ಬೇಡವೋ ಗೊತ್ತಿಲ್ಲ ಮೇಡಂ. ನಿನ್ನೆ ಸಂಜೆ ಹರಳಕ್ಕ ಜೋರು ಜಗಳ ಆಡಿದ್ರು. ಮೊದಲನೇ ಮಹಡಿಯಿಂದ ಇಲ್ಲಿವರೆಗೂ ಕೇಳಿಸ್ತು."

"ಯಾರ ಜೊತೆ?"

"ಆ ಸೋಡಾಬುಡ್ಡಿ ಜೊತೆ."

*

ಸೋಡಾಬುಡ್ಡಿ ಎಂದರೆ ಪ್ರೊಫೆಸರರ ಕೈಕೆಳಗಿನ ಸಂಶೋಧಕ. ದಪ್ಪ ಕನ್ನಡಕದಿಂದ ಬಂದ ಹೆಸರು. ಮೂವತ್ತರ ಆಸುಪಾಸು. ಉಗುರೆಲ್ಲ ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು.

"ಜಗಳ ಅಲ್ಲ. ಮಾತು ಸ್ವಲ್ಪ ಜೋರಾಯ್ತು," ಎಂದ.

"ಯಾವ ವಿಷಯಕ್ಕೆ?"

"ಕೆಲಸದ ವಿಷಯ."

"ಗೋಡೆ ಮೇಲಿನ ಅಲಾರಂ ಬಿಚ್ಚಿದ್ದು ಯಾರು?"

ಅವನ ಮುಖ ಬಿಳುಚಿಕೊಂಡಿತು. "ನಾನು."

"ಯಾವಾಗ?"

"ನಿನ್ನೆ ಮಧ್ಯಾಹ್ನ."

ಮಾವ ಬಾಗಿಲಿಗೆ ಅಡ್ಡ ನಿಂತ. ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಎರಡೂ ಕೈ ಊರಿದಳು. "ಮಧ್ಯಾಹ್ನ ಅಲಾರಂ ಬಿಚ್ತೀಯ. ಸಂಜೆ ಜಗಳ ಆಡ್ತೀಯ. ಆಮೇಲೆ ಅವಳು ಅದೇ ಕೋಣೇಲಿ ಸಾಯ್ತಾಳೆ. ನಾನು ಏನಂದ್ಕೋಬೇಕು?"

"ಸಾರ್ ಹೇಳಿದ್ರು, ಬಿಚ್ಚಿದೆ! ಸುಮ್ಮಸುಮ್ಮನೆ ಕೂಗ್ತಾ ಇದೆ, ರಿಪೇರಿಗೆ ಕೊಡು ಅಂದ್ರು. ನಾನು ಅದು ಕೂಗಿದ್ದು ಕೇಳಿರಲಿಲ್ಲ. ಆದ್ರೂ ಬಿಚ್ಚಿದೆ. ಸಾರ್ ಹೇಳಿದ್ಮೇಲೆ..." ಅವನು ಮತ್ತೆ ಉಗುರು ಕಚ್ಚಿದ. "ನನ್ನನ್ನ ಹಿಡ್ಕೊಂಡು ಹೋಗ್ತೀರಾ?"

"ಎಲ್ಲೂ ಹೋಗಬೇಡ. ಇಲ್ಲೇ ಇರು."

ಹೊರಗೆ ಬಂದಮೇಲೆ ಮಾವ ಪಿಸುಗುಟ್ಟಿದ. "ಇವನೇ ಮೇಡಂ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ನಡುಗ್ತಿದ್ದ ನೋಡಿ."

"ಹೆದರಿಕೆಗೂ ಮನುಷ್ಯ ನಡುಗ್ತಾನೆ ಮಾವ."

*

ಎದುರು ಬೀದಿಯ ಚಹಾದಂಗಡಿಯಲ್ಲಿ ಅವಳಿಗೆ ಸ್ಟೀಲ್ ಲೋಟ ಸಿಕ್ಕಿತು. ಮಾವನಿಗೆ ಪಿಂಗಾಣಿ ಕಪ್ಪು. ಬೀದಿಯಲ್ಲಿ ಬಸ್ಸೊಂದು ಸದ್ದು ಮಾಡುತ್ತ ಹೋಯಿತು. ಬೆಂಚು ಅಲುಗಿತು. ಮತ್ತೆ ಫೋನ್ ಬಂತು. ಮೇಲಧಿಕಾರಿ. "ಸಂಜೆಯೊಳಗೆ ವರದಿ ಕೊಡ್ರಿ. ದೊಡ್ಡ ಮನುಷ್ಯ ಅವರು." ಆಗಲಿ ಸಾರ್ ಎಂದು ಇಟ್ಟಳು.

ಲೋಟ ಬೆರಳು ಸುಟ್ಟಿತು. ಅವಳು ಕೈ ಬದಲಿಸಿದಳು. ಮತ್ತೆ ಬದಲಿಸಿದಳು. ಕೊನೆಗೆ ಸೆರಗಿಲ್ಲದ ಸಮವಸ್ತ್ರವನ್ನು ಬೈದುಕೊಂಡು ಲೋಟವನ್ನು ಬೆಂಚಿನ ಮೇಲೆ ಕುಕ್ಕಿದಳು. ಮಾವ ಮಾತ್ರ ಕಪ್ಪನ್ನು ಅಂಗೈಯಲ್ಲಿ ಹಿಡಿದು ಹಾಯಾಗಿ ಹೀರುತ್ತಿದ್ದ.

"ನಿಮಗೆ ಸುಡಲ್ವಾ?"

"ಪಿಂಗಾಣಿ ಅಲ್ವಾ ಮೇಡಂ. ನಿಮ್ಮದು ಸ್ಟೀಲು. ಒಂದೇ ಕೆಟಲಿನ ಚಹಾ, ಲೋಟ ಬೇರೆ."

ಅವಳು ಎದ್ದು ನಿಂತಳು. ಚಹಾ ಹಾಗೇ ಉಳಿಯಿತು.

ಒಂದೇ ಕೊಠಡಿ. ಒಂದೇ ಏಸಿ. ಮೇಜಿನ ಮೇಲಿದ್ದ ಉಂಡೆಯನ್ನು ಅವಳು ಎಷ್ಟೋ ಹೊತ್ತು ಕೈಯಲ್ಲಿ ಆಡಿಸಿದ್ದಳು. ಅದು ಮಣ್ಣಿನ ಕುಡಿಕೆಯ ಹಾಗಿತ್ತು, ತಣ್ಣಗಿರಲಿಲ್ಲ. ಪೆಟ್ಟಿಗೆಯ ಉಂಡೆಗೆ ಬೆರಳು ತಾಗಿದ್ದೇ ತಡ, ಜುಮ್ಮೆಂದಿತ್ತು. ಎರಡೂ ಒಂದೇ ವಸ್ತುವಾದರೆ ಹೀಗೇಕೆ?

*

ಇನ್ಸ್‌ಪೆಕ್ಟರ್ ಕೇಳಿದ್ದಕ್ಕೆ ಸೋಡಾಬುಡ್ಡಿ ಕುರ್ಚಿಯಿಂದ ಅರ್ಧ ಎದ್ದ. "ತಣ್ಣಗಿತ್ತಾ? ಪೆಟ್ಟಿಗೆಯಲ್ಲಿರೋದು? ಸಾಧ್ಯವೇ ಇಲ್ಲ."

"ಯಾಕೆ? ನನಗೆ ಅರ್ಥ ಆಗೋ ಹಾಗೆ ಹೇಳು."

"ಲೋಹ ತಣ್ಣಗೆ ಅನ್ನಿಸೋದು ಅದು ನಮ್ಮ ಬೆರಳಿನ ಬಿಸೀನ ಬೇಗ ಎಳ್ಕೊಳ್ಳೋದಕ್ಕೆ. ಬಿಸಿ ಅಂದ್ರೆ ಪರಮಾಣುಗಳ ನಡುಕ. ಕವಾಯತಿನಲ್ಲಿ ನಿಮ್ಮ ಪೊಲೀಸರು ಒಂದೇ ಅಂತರದಲ್ಲಿ ಸಾಲಾಗಿ ನಿಂತಿರ್ತಾರಲ್ಲ? ಮೊದಲನೆಯವನನ್ನ ತಳ್ಳಿದ್ರೆ ಆ ತಳ್ಳಾಟ ಕೊನೆಯವನವರೆಗೂ ಹೋಗುತ್ತೆ. ಮಾಮೂಲಿ ಲೋಹದಲ್ಲಿ ಹಾಗೆ. ಕ್ವಾಸಿಕ್ರಿಸ್ಟಲ್‌ನಲ್ಲೂ ಎಲ್ಲರಿಗೂ ಗೊತ್ತಾದ ಜಾಗ ಇದೆ, ಕ್ರಮ ಇದೆ. ಆದ್ರೆ ಅದೇ ಸಾಲು ಮತ್ತೆ ಬರಲ್ಲ. ತಳ್ಳಾಟ ನಾಲ್ಕು ಹೆಜ್ಜೆ ಹೋಗೋದ್ರೊಳಗೆ ಚೆದುರಿಹೋಗುತ್ತೆ. ಎಲೆಕ್ಟ್ರಾನುಗಳ ಕಥೆ ಇನ್ನೊಂದಿದೆ, ಅದು ಬಿಡಿ. ಒಟ್ಟಿನಲ್ಲಿ ಬಿಸಿ ಮುಂದಕ್ಕೆ ಹರಿಯಲ್ಲ. ನೋಡೋಕೆ ಲೋಹ, ಮುಟ್ಟಿದ್ರೆ ಮಡಕೆ."

"ಹಾಗಾದ್ರೆ ಪೆಟ್ಟಿಗೆಯಲ್ಲಿರೋದು?"

"ಬರೀ ಅಲ್ಯುಮಿನಿಯಂ ಇರಬೇಕು." ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಅದಕ್ಕೇ ಅವಳು ನಿನ್ನೆ ಹಾಗೆ ಬಂದ್ಳು. ಪೆಟ್ಟಿಗೆ ಕಟ್ಟೋಕೆ ಕೈಗೆ ತಗೊಂಡಿರ್ತಾಳೆ. ತಕ್ಷಣ ಗೊತ್ತಾಗಿರುತ್ತೆ."

"ಬಂದು ಏನಂದ್ಳು? ಈಗಲಾದ್ರೂ ಹೇಳು."

ಅವನು ಬಾಗಿಲಿನ ಕಡೆ ನೋಡಿದ. "ಸಾರ್ ಪ್ರಕಟಿಸಿದ ನಡುಕ ಇದೆಯಲ್ಲ, ಅದನ್ನ ನಾನೂ ಅಳೆದಿದ್ದೆ. ಎಷ್ಟು ಸಲ ಅಳೆದ್ರೂ ಕಾಣಿಸಲಿಲ್ಲ. ಅವಳೂ ಅಳೆದ್ಳು. ಇಲ್ಲ. 'ನಾನೀಗ ಸಾರ್ ಹತ್ರ ಮಾತಾಡಿ ಬಂದೆ. ಹರಳಿನ ವಿಷಯ ಕೇಳಿದೆ. ತಣ್ಣನೆ ಕೋಣೆಗೆ ಬಾ, ಮತ್ತೆ ಅಳೆದು ನೋಡೋಣ ಅಂದ್ರು. ನೀನೂ ಬಾ, ನಿಜ ಹೇಳು' ಅಂದ್ಳು. ನಾನು ಬರಲ್ಲ ಅಂದೆ. ನನ್ನ ಕೆಲಸ ಹೋಗುತ್ತೆ ಅಂದೆ. ಅವಳು ಕೂಗಾಡಿದ್ಳು. ನಾನೂ ಕೂಗಾಡಿದೆ. ಆಮೇಲೆ ಒಬ್ಬಳೇ ಹೋದ್ಳು."

"ನೀವು ಕೂಗಾಡ್ತಾ ಇದ್ದಷ್ಟು ಹೊತ್ತು ಆ ಕೋಣೆ ಖಾಲಿ ಇತ್ತು."

"ಹೂಂ."

ಇನ್ಸ್‌ಪೆಕ್ಟರ್ ಅತ್ತಿಂದಿತ್ತ ನಡೆದಳು. "ಯಾರು ಯಾವಾಗ ಒಳಗೆ ಹೋದ್ರು ಅಂತ ತಿಳಿಯೋಕೆ ಕ್ಯಾಮೆರಾ ಏನಾದ್ರೂ ಇದೆಯಾ?"

"ಕ್ಯಾಮೆರಾ ಇಲ್ಲ." ಅವನು ತಟ್ಟನೆ ನಿಂತ. "ಆದ್ರೆ ನೆಲ ಇದೆ."

"ನೆಲಾನಾ?"

"ಬಸ್ಸು ಹೋದ್ರೆ ನಮ್ಮ ಅಳತೆ ಕೆಡ್ತಿತ್ತು. ಅದಕ್ಕೆ ಹರಳಕ್ಕ ಹೋದ ವಾರ ನೆಲದ ನಡುಕ ದಾಖಲಿಸೋ ಒಂದು ಸೆನ್ಸರ್ ಇಟ್ಳು. ಎಲ್ಲ ನನ್ನ ಕಂಪ್ಯೂಟರಿಗೆ ಬರುತ್ತೆ. ಸಾರ್‌ಗೆ ಇನ್ನೂ ಹೇಳಿರಲಿಲ್ಲ."

ಪರದೆಯ ಮೇಲೆ ಒಂದು ಗೆರೆ ಮೂಡಿತು. ಅದು ಒಂದೇ ಸಮನೆ ಸಣ್ಣಗೆ ಕಂಪಿಸುತ್ತಿತ್ತು. "ಇದು ಫ್ಯಾನ್. ಅದರ ಸ್ವಿಚ್ಚು ಬಾಗಿಲ ಹೊರಗಿದೆ," ಸೋಡಾಬುಡ್ಡಿ ಹೇಳಿದ. ನಿನ್ನೆ ಸಂಜೆಯ ಭಾಗಕ್ಕೆ ಬಂದಾಗ ಕೆಲವು ಭಾರವಾದ ಹೆಜ್ಜೆಗಳು ಒಳಗೆ ಬಂದವು, ಹೊರಗೆ ಹೋದವು. ಅದರ ಬೆನ್ನಲ್ಲೇ ಫ್ಯಾನಿನ ಕಂಪನ ನಿಂತಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹಗುರವಾದ ಚುರುಕು ಹೆಜ್ಜೆಗಳು. ನಾಲ್ಕೈದೇ. ಕೊನೆಗೆ ಏನೋ ದೊಪ್ಪೆಂದು ಬಿದ್ದ ಹಾಗೆ ಗೆರೆ ಎತ್ತರಕ್ಕೆ ನೆಗೆಯಿತು.

ಮಾವ ತಲೆಯ ಟೋಪಿ ತೆಗೆದ.

"ಬೆಳಗ್ಗೆದು ತೋರಿಸು," ಇನ್ಸ್‌ಪೆಕ್ಟರ್ ಮೆಲ್ಲಗೆ ಹೇಳಿದಳು.

ಅವನು ತೋರಿಸಿದ. ಅವಳು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ನಂತರ ಮಾವನ ಕಡೆ ತಿರುಗಿದಳು. "ಚಹಾದಂಗಡಿಯಿಂದ ಸ್ವಲ್ಪ ಐಸ್ ತರಿಸಿ ಮಾವ."

*

ಪೆಟ್ಟಿಗೆ ಒಯ್ಯುವ ಗಾಡಿ ಬಂದು ಅಂಗಳದಲ್ಲಿ ನಿಂತಿತ್ತು. ಪ್ರೊಫೆಸರ್ ಗಡಿಯಾರ ನೋಡುತ್ತಿದ್ದರು.

"ಐದು ನಿಮಿಷ ಸಾರ್," ಎಂದಳು ಇನ್ಸ್‌ಪೆಕ್ಟರ್. ಪೆಟ್ಟಿಗೆ ತೆರೆಸಿದಳು. ಆ ಉಂಡೆಯನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಹಸಿರು ಬಟ್ಟೆ ಅಂಟಿಸಿದ ಉಂಡೆ. ಎರಡರ ಮೇಲೂ ಒಂದೊಂದು ಐಸ್ ತುಂಡು ಇಟ್ಟಳು.

"ಏನಿದು ಮಕ್ಕಳಾಟ?" ಪ್ರೊಫೆಸರರ ದನಿ ಏರಿತು.

ಪೆಟ್ಟಿಗೆಯ ಉಂಡೆಯ ಮೇಲಿನ ಐಸ್ ನೋಡುತ್ತಿದ್ದಂತೆಯೇ ಕರಗಿ ಮೇಜಿನ ಮೇಲೆ ಹರಿಯಿತು. ಇನ್ನೊಂದರ ಮೇಲಿನದು ಕೂತಲ್ಲೇ ಕೂತಿತ್ತು.

"ಹೊರದೇಶಕ್ಕೆ ಹೋಗಬೇಕಿದ್ದ ಹರಳು ಯಾವುದು ಸಾರ್?"

ಸೋಡಾಬುಡ್ಡಿ ಮುಂದೆ ಬಂದು ಹಸಿರು ಬಟ್ಟೆಯನ್ನು ಕಿತ್ತ. ಅಂಟು ಇನ್ನೂ ಹಸಿಯಾಗಿತ್ತು. ಅಡಿಯಲ್ಲಿ ವಜ್ರದ ಮೊನೆಯಿಂದ ಗೀರಿದ ಒಂದು ಪುಟ್ಟ ಬಾಣದ ಗುರುತು. "ಇದು ಹರಳಕ್ಕ ಹಾಕಿದ್ದು," ಎಂದ. "ಇದೇ ಆ ಹರಳು."

"ಯಾರೋ ಬದಲಾಯಿಸಿರಬೇಕು," ಎಂದರು ಪ್ರೊಫೆಸರ್. "ಅವಳೇ ಮಾಡಿರಬಹುದು."

"ಅವಳು ಯಾಕೆ ಬದಲಾಯಿಸ್ತಾಳೆ? ಅದು ಅವಳು ಬೆಳೆಸಿದ ಕೂಸು. ಬದಲಾಯಿಸೋ ಅಗತ್ಯ ಇದ್ದಿದ್ದು ನಿಮಗೆ. ನೀವು ಕಂಡೆ ಅಂದ ನಡುಕ ಅದರಲ್ಲಿ ಇಲ್ಲ. ದೊಡ್ಡ ಕೇಂದ್ರದವರು ಪರೀಕ್ಷೆ ಮಾಡಿದ್ರೆ ನಿಮ್ಮ ಸುಳ್ಳು ಬಯಲಾಗ್ತಿತ್ತು. ಕಳಿಸಲ್ಲ ಅನ್ನೋ ಹಾಗೂ ಇರಲಿಲ್ಲ. ಅದಕ್ಕೆ ಅಲ್ಯುಮಿನಿಯಂ ಉಂಡೆ ಕಳಿಸಿದ್ರೆ? ಇದು ಕ್ವಾಸಿಕ್ರಿಸ್ಟಲ್ಲೇ ಅಲ್ಲ ಅಂತ ಅವರು ಹೇಳ್ತಿದ್ರು. 'ನಮ್ಮ ಹರಳಕ್ಕ ಎಡವಟ್ಟು ಮಾಡಿದ್ಳು' ಅಂತ ನೀವು ಹೇಳ್ತಿದ್ರಿ. ನಿಮ್ಮ ಹೆಸರು ಉಳೀತಿತ್ತು, ಅವಳ ಹೆಸರು ಮಣ್ಣುಪಾಲಾಗ್ತಿತ್ತು. ನಿಮ್ಮ ಗುಟ್ಟು ಅವಳಿಗೆ ಗೊತ್ತಾಗ್ತಾ ಬಂದಿದೆ ಅಂತ ನಿಮಗೆ ಮೊದಲೇ ವಾಸನೆ ಬಡಿದಿತ್ತು. ಅದಕ್ಕೇ ಮಧ್ಯಾಹ್ನವೇ ಅಲಾರಂ ಬಿಚ್ಚಿಸಿದ್ರಿ. ಸಂಜೆ ಅವಳು ಬಂದು ಕೇಳೇಬಿಟ್ಳು. ಕೋಣೆಗೆ ಬಾ ಅಂದ್ರಿ. ಅವಳು ಇವನ ಹತ್ರ ವಾದ ಮಾಡ್ತಿರೋವಾಗ ನೀವು ಹೋಗಿ ತಿರುಪು ತೆಗೆದ್ರಿ. ಹೊರಗೆ ಬಂದು ಫ್ಯಾನ್ ಆರಿಸಿದ್ರಿ."

"ಫ್ಯಾನ್ ರಾತ್ರಿಯೆಲ್ಲ ಓಡ್ತಿತ್ತು! ನಾನು ಮೊದಲೇ ಹೇಳಿದೀನಿ."

"ಅಲ್ಲೇ ನೀವು ಜಾರಿದ್ದು." ಇನ್ಸ್‌ಪೆಕ್ಟರ್ ಮೇಜಿನ ಅಂಚಿಗೆ ಒರಗಿದಳು. "ಆ ನೆಲದ ಮೇಲೆ ಹರಳಕ್ಕ ಒಂದು ಸೆನ್ಸರ್ ಇಟ್ಟಿದ್ಳು. ರಾತ್ರಿಯೆಲ್ಲ ಫ್ಯಾನ್ ಸತ್ತಿತ್ತು ಅಂತ ಅದು ಹೇಳುತ್ತೆ. ಶುರುವಾಗಿದ್ದು ಇವತ್ತು ಬೆಳಗ್ಗೆ. ಅರ್ಧ ಗಂಟೆಗೂ ಹೆಚ್ಚು ಓಡಿದೆ. ಅದಾದ ಮೇಲೆ ನಿಮ್ಮ ಹೆಜ್ಜೆ. ಏನೂ ಗೊತ್ತಿಲ್ಲದವನು ಬಾಗಿಲು ತೆಗೀತಾನೆ, ಓಡ್ತಾನೆ, ಅವನೂ ಬೀಳ್ತಾನೆ. ಹೊರಗೆ ಫ್ಯಾನ್ ಹಾಕಿ, ಗಾಳಿ ತಿಳಿಯಾಗ್ಲಿ ಅಂತ ಕಾಯೋನು ಒಬ್ಬನೇ. ಒಳಗೆ ಏನಿದೆ ಅಂತ ಗೊತ್ತಿರೋನು."

ಹೊರಗೆ ಗಾಡಿಯ ಹಾರ್ನ್ ಕೂಗಿತು. ಪ್ರೊಫೆಸರ್ ಕುರ್ಚಿಯಲ್ಲಿ ಕುಸಿದರು. ಅವರ ಕೈ ತಾನಾಗಿ ನಿಜವಾದ ಹರಳಿನ ಕಡೆ ಹೋಯಿತು. ಮೇಲಿದ್ದ ಐಸ್ ಒರೆಸಿದರು.

"ಒಂದು ಗೊತ್ತಾಗಲಿಲ್ಲ," ಎಂದಳು ಇನ್ಸ್‌ಪೆಕ್ಟರ್. "ಇದನ್ನ ಪುಡಿ ಮಾಡಿ ಎಸೆದಿದ್ರೆ ನನಗೇನೂ ಸಿಕ್ತಿರಲಿಲ್ಲ. ಯಾಕೆ ಇಟ್ಕೊಂಡ್ರಿ?"

ಅವರು ಹರಳನ್ನು ಅಂಗೈಯಲ್ಲಿ ತಿರುಗಿಸಿದರು. "ಇಂಥ ಹರಳು ಜಗತ್ತಿನಲ್ಲಿ ಇನ್ನೊಂದಿಲ್ಲ. ಒಡೆಯೋಕೆ ಕೈ ಬರಲಿಲ್ಲ."

ಮಾವ ಕೋಳ ತೆಗೆದ. "ಕಲ್ಲು ಒಡೆಯೋಕೆ ಕೈ ಬರಲಿಲ್ವಂತೆ," ಎಂದ. "ಆ ಹೆಣ್ಣುಮಗಳನ್ನ ಕೊಲ್ಲೋಕೆ ಬಂತು."

*

ಗಾಡಿ ಆ ದಿನ ಖಾಲಿ ಹೋಯಿತು. ನ್ಯಾಯಾಲಯದ ಅನುಮತಿ ಸಿಕ್ಕಮೇಲೆ ನಿಜವಾದ ಹರಳು ಹೊರದೇಶಕ್ಕೆ ಹೋಯಿತು. ಅದನ್ನು ಒಯ್ದು ಒಪ್ಪಿಸಿದವನು ಸೋಡಾಬುಡ್ಡಿ. ಅಲ್ಲಿಂದ ಉತ್ತರ ಬಂದ ದಿನ ಇನ್ಸ್‌ಪೆಕ್ಟರ್ ಟೇಲರ್ ಅಂಗಡಿಗೆ ಹೋದಳು. ಹಿಂದೆಯೇ ಮನೆ. ಹರಳಕ್ಕನ ತಾಯಿ ಕಿಟಕಿ ಬಳಿ ಕುಳಿತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದರು.

"ಅಮ್ಮ, ನಿಮ್ಮ ಮಗಳದು ಒಂದು ಚೂರೂ ತಪ್ಪಿರಲಿಲ್ಲ. ಅದನ್ನ ಹೇಳೋಕೆ ಬಂದೆ."

"ಅದು ನನಗೆ ಗೊತ್ತಿತ್ತಮ್ಮ." ಸೂಜಿ ನಿಲ್ಲಲಿಲ್ಲ. "ಅವಳಿಗೆ ನೋವಾಯ್ತಾ?"

"ಇಲ್ಲ. ಡಾಕ್ಟರು ಹೇಳಿದ್ರು. ಏನಾಗ್ತಿದೆ ಅಂತ ತಿಳಿಯೋದ್ರೊಳಗೆ ಎಲ್ಲ ಮುಗಿದಿರುತ್ತೆ."

ತಾಯಿ ದಾರ ಕಡಿದರು. ಅಂಗಿ ಮಡಿಸಿದರು. ಇನ್ನೊಂದನ್ನು ಎತ್ತಿಕೊಂಡವರು ಹಾಗೇ ತೊಡೆಯ ಮೇಲಿಟ್ಟುಕೊಂಡರು.

"ಆ ಹರಳು? ಅದು ಚೆನ್ನಾಗಿ ಬಂದಿತ್ತಾ? ಎಷ್ಟು ಸಲ ಬೆಳೆಸಿದ್ಳು, ಎಷ್ಟು ಸಲ ಬಿರುಕು ಬಿಡ್ತು. ಬಿರುಕು ಬಿಟ್ಟ ದಿನ ಊಟಾನೇ ಮಾಡ್ತಿರಲಿಲ್ಲ."

"ಅವರು ಪರೀಕ್ಷೆ ಮಾಡಿದಾರೆ. ಪ್ರೊಫೆಸರ್ ಹೇಳಿದ ನಡುಕ ಅದರಲ್ಲಿ ಇಲ್ಲ. ಆದ್ರೆ ಇಷ್ಟು ಅಪ್ಪಟ ಹರಳನ್ನ ನಾವು ಈವರೆಗೂ ನೋಡಿಲ್ಲ ಅಂತ ಬರೆದಿದಾರೆ. ಒಂದು ಕಡೆಯೂ ದೋಷ ಇಲ್ವಂತೆ."

ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ತಮ್ಮ ಬಾಗಿಲಲ್ಲಿ ಬಂದು ನಿಂತಿದ್ದ. ತಾಯಿ ಅವನನ್ನು ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಇನ್ನೊಂದ್ಸಲ ಹೇಳಮ್ಮ," ಎಂದರು. "ಇವನೂ ಕೇಳಲಿ."